ಅರಳದ ಐದನೆಯ ಮೊಗ್ಗು

ಮುಂಜಾನೆ ಎಂಟಕ್ಕೆ ಸಿಡಿಗಲ್ಲ ಗುಡ್ಡದ ಬುಡದಲ್ಲಿ ಜೀಪಿನಿಂದ ಇಳಿದ ವಿನ್ಸೆಂಟ್ ಕುಟಿನ್ಹ ಆ ಸೀಮೆಯ ಮಣ್ಣು ಮೆಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು. ಮಂಗಳೂರಿನಲ್ಲಿ, ಮೀನುದೋಣಿಗಳು ಬಂದು ತಂಗುವ ದಕ್ಕೆಯಲ್ಲಿ, ಮೀನಿನ ವಾಸನೆಯ ನಡುವೆ ಹುಟ್ಟಿ ಬೆಳೆದ ನಲವತ್ತರ ಆಸಾಮಿ. ಫೋನು, ಕ್ಯಾಮೆರಾ, ನಕಾಶೆ ಎಲ್ಲವನ್ನೂ ಜೀಪಿನಲ್ಲೇ ಕಳಚಿಟ್ಟಿದ್ದ. ಸೊಂಟಕ್ಕೆ ಊಟದ ಡಬ್ಬಿಯಷ್ಟು ದೊಡ್ಡದಾದ, ಮೊಹರು ಹಾಕಿದ ಪೆಟ್ಟಿಗೆಯೊಂದು ತೂಗುತ್ತಿತ್ತು. ಅದರ ಪಕ್ಕದಲ್ಲಿ ಒಂದು ವೈರ್‌ಲೆಸ್. ಕೈಯಲ್ಲಿ ಒಂದೇ ಒಂದು ಹಾಳೆ ಕಾಗದ. ಅದರಲ್ಲಿದ್ದ ಹದಿನೇಳು ಸಾಲುಗಳನ್ನು ನಂಬಿಕೊಂಡು, ಹೊತ್ತು ಮುಳುಗುವುದರೊಳಗೆ, ಎರಡೂವರೆ ಸಾವಿರ ಎಕರೆಯ ಕಲ್ಲುಗುಡ್ಡದಲ್ಲಿ ಗೇಣುದ್ದದ ಒಂದು ಗಿಡವನ್ನು ಅವನು ಹುಡುಕಬೇಕಾಗಿತ್ತು.

ಆ ಸಾಲುಗಳನ್ನು ಬರೆದವಳು ನೀಲಾಂಬಿಕೆ. ಹದಿನೆಂಟು ಕಿಲೋಮೀಟರ್ ದೂರದ ಜೀವನೋಂದಣಿ ಕೇಂದ್ರದಲ್ಲಿ, ನಿಯಂತ್ರಣ ಕೊಠಡಿಯ ಪರದೆಯ ಮುಂದೆ, ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ವಿನ್ಸೆಂಟನೆಂಬ ಹಸಿರು ಚುಕ್ಕೆ ಗುಡ್ಡದ ಅಂಚಿನಲ್ಲಿ ಅಲುಗಾಡಿದ್ದೇ ಅವಳು ಪರದೆಯತ್ತ ಬಾಗಿದಳು.

ಹೀಗೇಕೆ ಮಾಡಬೇಕಾಗಿತ್ತು ಎನ್ನುವುದಕ್ಕೆ ಹಿಂದಿನ ಹತ್ತು ವರ್ಷಗಳ ಕಥೆ ಇದೆ. ಗುರುತಿನ ಪೆಟ್ಟಿಗೆ ಬಂದಾಗ ಎಲ್ಲರೂ ಹಿಗ್ಗಿದ್ದರು. ಎಲೆಯನ್ನೋ ರೆಕ್ಕೆಯನ್ನೋ ಹತ್ತಿಯಿಂದ ಒರೆಸಿ ಒಳಗಿಟ್ಟರೆ ಸಾಕು, ಎಂಟು ನಿಮಿಷದಲ್ಲಿ ಅದರ ವಂಶವಾಹಿಯನ್ನು ಓದಿ, ಜಗತ್ತಿನ ಪಟ್ಟಿಯೊಂದಿಗೆ ತಾಳೆ ನೋಡಿ, ಹಳತೋ ಹೊಸತೋ ಹೇಳುತ್ತಿತ್ತು. ಆಮೇಲೆ ಕಳ್ಳರು ಬಂದರು. ಯಂತ್ರಗಳಿಂದಲೇ ಸುಳ್ಳು ವಂಶವಾಹಿ, ಸುಳ್ಳು ಚಿತ್ರ, ಸುಳ್ಳು ವರ್ಣನೆ ಹೊಸೆದು, ಲಕ್ಷಗಟ್ಟಲೆ ಇಲ್ಲದ ಜೀವಿಗಳಿಗೆ ಹೆಸರಿಟ್ಟರು. ಯಾವುದು ಇದೆ ಯಾವುದು ಇಲ್ಲ ಎಂದು ಪಂಡಿತರಿಗೇ ತಿಳಿಯದಾಯಿತು. ಕೊನೆಗೆ ದೇಶದೇಶಗಳವರು ಕೂಡಿ ಒಂದು ನಿಯಮ ಮಾಡಿದರು. ಹೊಸ ಜೀವಿಯನ್ನು ಕಣ್ಣಾರೆ ಕಂಡವರು ಅದನ್ನು ಮಾತಿನಲ್ಲಿ ವರ್ಣಿಸಬೇಕು. ಅದನ್ನು ಎಂದೂ ಕಾಣದ ಹುಡುಕುಗಾರನೊಬ್ಬ ಆ ಮಾತನ್ನಷ್ಟೇ ಓದಿ ಅದನ್ನು ಪತ್ತೆ ಮಾಡಬೇಕು. ಪೆಟ್ಟಿಗೆಯ ಮೊಹರು ಒಮ್ಮೆ ಮಾತ್ರ ಬಿಚ್ಚುತ್ತದೆ. ಅವನು ಒರೆಸಿದ್ದು ಮೊದಲು ಕಂಡವರು ಒರೆಸಿ ಕೊಟ್ಟದ್ದಕ್ಕೆ ಹೊಂದಿದರೆ ನೋಂದಣಿ, ಹೊಂದದಿದ್ದರೆ ಇಲ್ಲ.

ಹೀಗೆ ನೋಂದಣಿಯಾದ ಜೀವಿ ಇರುವ ನೆಲವನ್ನು ಹತ್ತು ವರ್ಷ ಯಾರೂ ಕೆಣಕುವಂತಿರಲಿಲ್ಲ. ಸಿಡಿಗಲ್ಲ ಗುಡ್ಡದಲ್ಲಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಲ್ಲಿನ ಕ್ವಾರಿಯವರು ಮೊದಲ ಸಿಡಿಮದ್ದು ಇಡುವವರಿದ್ದರು. ಅವರ ಪರವಾನಗಿ ಪಕ್ಕಾ ಆಗಿತ್ತು. ಇಂದು ಹೊತ್ತು ಮುಳುಗುವುದರೊಳಗೆ ಗುಡ್ಡದ ಹೆಸರಿನಲ್ಲಿ ಒಂದಾದರೂ ಹೊಸ ಜೀವಿ ನೋಂದಣಿಯಾದರೆ ಮಾತ್ರ ಅದು ತಡೆಯುತ್ತಿತ್ತು. ನೀಲಾಂಬಿಕೆಯ ಮೂರು ವರ್ಷದ ಕೆಲಸ ಆ ಹಾಳೆಯಲ್ಲಿತ್ತು.

ಗಿಡವನ್ನು ಕುರಿ ಕಾಯುವವರು ಕಲ್ಲುಬಾಸಿಂಗ ಎನ್ನುತ್ತಿದ್ದರು. ಬಂಡೆಯ ಬಿರುಕಿನಲ್ಲೇ ಬೇರಿಳಿಸಿ, ಮದುಮಗನ ಹಣೆಯ ಬಾಸಿಂಗದಂತೆ ಹೂವನ್ನು ಎದುರಿಗೆ ಕಟ್ಟಿಕೊಂಡು ನಿಲ್ಲುವ ಗಿಡ. ಅದನ್ನು ಮೊದಲು ತೋರಿಸಿದವಳು ದುರುಗವ್ವ. ಅರವತ್ತು ದಾಟಿದರೂ ಆಡಿನ ಹಿಂದೆ ಆಡಿನ ಹಾಗೆಯೇ ಗುಡ್ಡ ಹತ್ತುವ ಹೆಂಗಸು. ಈಗ ಅವಳು ಗುಡ್ಡದ ಸಾಕ್ಷಿ. ಪ್ರತಿ ಪರೀಕ್ಷೆಗೂ ಊರಿನವರೊಬ್ಬರು ಸಾಕ್ಷಿಯಾಗಿ ಜೊತೆಗಿರಬೇಕು, ಆದರೆ ಜೀವಿಯ ಬಗ್ಗೆ ತುಟಿ ಬಿಚ್ಚಕೂಡದು. ಮೂರು ವರ್ಷದಲ್ಲಿ ಒಂದು ಗಳಿಗೆಯೂ ಸುಮ್ಮನಿದ್ದು ಗೊತ್ತಿಲ್ಲದ ದುರುಗವ್ವನಿಗೆ ಅದೊಂದು ಶಿಕ್ಷೆಯೇ ಸರಿ.

ವರ್ಣನೆಯ ಮೊದಲ ಕರಡನ್ನು ನೀಲಾಂಬಿಕೆ ಹದಿನೈದು ದಿನದ ಹಿಂದೆ ಅಪ್ಪನಿಗೆ ಓದಿ ಹೇಳಿದ್ದಳು. ಅಪ್ಪ ಅಡಿವೆಯ್ಯ ಮಠದಲ್ಲಿ ಶ್ರಾವಣ ತಿಂಗಳಿಡೀ ಪುರಾಣ ಓದುವವರು. ಅವರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಎದುರಿಗೆ ಕೂತ ಜನ ಕಣ್ಣು ಮುಚ್ಚಿ ಕೇಳುವುದು. ಕೇಳುವವರ ಮುಖ ನೋಡಿಯೇ ಪದ್ಯ ಇಳಿಯಿತೋ ಇಲ್ಲವೋ ಅವರಿಗೆ ತಿಳಿಯುತ್ತಿತ್ತು. ಮಗಳ ಕರಡನ್ನೂ ಅವರು ಜಗಲಿಯ ಮೇಲೆ ಕಣ್ಣು ಮುಚ್ಚಿಯೇ ಕೇಳಿದರು. ಮಿಲಿಮೀಟರು, ಡಿಗ್ರಿ, ಎಲೆಯಂಚಿನ ಕೋನ ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ಇದರಲ್ಲಿ ಅಳತೆ ಕಾಣುತ್ತದೆ, ಗಿಡ ಕಾಣುವುದಿಲ್ಲ ಎಂದರು. ನೀಲಾಂಬಿಕೆಗೆ ಸಿಟ್ಟು ಬಂದಿತ್ತು. ರೊಟ್ಟಿ ತಟ್ಟುತ್ತ ಒಂದು ತಾಸು ಮಾತು ಬಿಟ್ಟಿದ್ದಳು. ಆಮೇಲೆ ಕೈ ತೊಳೆದು ಬಂದು ಮೊದಲಿನಿಂದ ಬರೆದಳು. ಹುಣಸೆ ಎಲೆಗಿಂತ ಸಣ್ಣ ಎಲೆ. ಎಲೆಯ ಕೆಳಮೈಗೆ ವಿಭೂತಿ ಬಡಿದಂಥ ಬಿಳುಪು. ಟೊಂಗೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ದಪ್ಪದ, ಕಂದು ಗೆರೆಯ ಐದು ಮೊಗ್ಗು. ನಾಲ್ಕು ಅರಳುತ್ತವೆ. ಐದನೆಯದು ಎಂದೂ ಅರಳುವುದಿಲ್ಲ. ಮುಟ್ಟಿ ಕೀಳಹೋದರೆ ಉದುರಿ ಎಲ್ಲಿಯೋ ಕಾಣೆಯಾಗುವಷ್ಟು ನಾಜೂಕು.

ಆ ಸಾಲಿಗೆ ಅಡಿವೆಯ್ಯನವರು ತಲೆದೂಗಿಬಿಟ್ಟಿದ್ದರು. ನಾಲ್ಕು ಅರಳಿ ಒಂದು ಅರಳದೆ ಉಳಿಯುವುದೆಂದರೆ, ದೇವರು ತನಗೆಂದು ಒಂದನ್ನು ಮುಚ್ಚಿಟ್ಟುಕೊಂಡ ಹಾಗಾಯಿತಲ್ಲ ಎಂದು ಎರಡು ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಾಡಿದರು. ಈ ಗಿಡವನ್ನು ಗುರುತಿಸಲು ಇದಕ್ಕಿಂತ ಖಚಿತವಾದ ಲಕ್ಷಣವಿಲ್ಲ ಎಂದು ನೀಲಾಂಬಿಕೆ ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆದಳು.

ಹನ್ನೊಂದಕ್ಕೆ ಹಸಿರು ಚುಕ್ಕೆ ಗುಡ್ಡದ ಪಡುವಣ ಮಗ್ಗುಲಿಗೆ ತಿರುಗಿತು. ಹನ್ನೊಂದೂವರೆಗೆ ಒಂದೇ ಕಡೆ ನಿಂತಿತು. ಕೇಂದ್ರದ ಅಧಿಕಾರಿ ನದಾಫ ಸಾಹೇಬರು ಚಹಾದ ಕಪ್ಪನ್ನು ಬಾಯಿಗೂ ಒಯ್ಯದೆ ಕೆಳಗೂ ಇಡದೆ ಹಾಗೇ ಹಿಡಿದಿದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದ, ನಿಯಮದ ಪುಸ್ತಕವನ್ನು ತಲೆದಿಂಬಿನ ಹಾಗೆ ಪಕ್ಕದಲ್ಲೇ ಇಟ್ಟುಕೊಳ್ಳುವ ಮನುಷ್ಯ. ಚುಕ್ಕೆ ನಿಂತ ಜಾಗದಲ್ಲಿ ಕಲ್ಲುಬಾಸಿಂಗ ಹಿಂಡುಹಿಂಡಾಗಿ ಇರುವುದು ನೀಲಾಂಬಿಕೆಗೆ ಗೊತ್ತಿತ್ತು. ಕೂಗಬೇಕೆನಿಸಿತು. ಸೆರಗಿನ ತುದಿ ಹಿಡಿದು ಹಿಂಡಿದಳು.

ಹನ್ನೊಂದು ಐವತ್ತಕ್ಕೆ ಪರದೆಯ ಮೂಲೆಯಲ್ಲಿ ದೀಪ ಹತ್ತಿತು. ವಿನ್ಸೆಂಟ್ ಮೊಹರು ಬಿಚ್ಚಿದ್ದ. ಅವನು ಗಿಡ ಕಂಡದ್ದಾಗಿತ್ತು.

ಒಂಬತ್ತನೆಯ ನಿಮಿಷಕ್ಕೆ ಪರದೆಯ ಮೇಲೆ ಬಂದ ಅಕ್ಷರಗಳನ್ನು ನದಾಫರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಹೊಂದಿಕೆ ಇಲ್ಲ. ಸಸ್ಯವಲ್ಲ. ಪ್ರಾಣಿ.

ಪೆಟ್ಟಿಗೆ ಕೆಟ್ಟಿರಬೇಕು ಎಂದು ಯಾರೋ ಅಂದರು. ಅಷ್ಟರಲ್ಲಿ ಕೆಳಗಿನ ಸಾಲು ಮೂಡಿತು: ಜಗತ್ತಿನ ಪಟ್ಟಿಯಲ್ಲಿ ಇಲ್ಲ. ಹೊಸದು.

ಫಲ ಬಂದ ಮೇಲೆ ಹುಡುಕುಗಾರ ಮಾತಾಡಬಹುದು. ವೈರ್‌ಲೆಸ್ಸಿನಲ್ಲಿ ವಿನ್ಸೆಂಟನ ದನಿ ಕೇಳಿತು.

"ಮೇಡಂ, ನಿಮ್ಮ ಗಿಡ ಸಿಕ್ಕಿತು. ನೀವು ಬರೆದ ಹಾಗೇ ಉಂಟು, ಒಂದಕ್ಷರ ಆಚೀಚೆ ಇಲ್ಲ. ಖಚಿತ ಲಕ್ಷಣ ಯಾವುದೋ ಅದನ್ನೇ ಒರೆಸಬೇಕು ಅಂತ ನಿಯಮ ಉಂಟಲ್ಲ, ಹಾಗಾಗಿ ಐದನೇ ಮೊಗ್ಗನ್ನು ಒರೆಸಿದೆ." ಅವನು ಉಸಿರು ತೆಗೆದುಕೊಂಡ. "ಒರೆಸಿದ್ದೇ ಸೈ ಮಾರಾಯ್ರೆ, ಆ ಮೊಗ್ಗು ಎದ್ದು ನಡೆಯಿತು."

ನೀಲಾಂಬಿಕೆಯ ಕಿವಿ ಬಿಸಿಯಾಯಿತು. ಮೂರು ವರ್ಷ ಅವಳು ಎಣಿಸಿದ್ದು, ಬರೆದದ್ದು, ಗೆರೆ ಎಳೆದದ್ದು, ಅಪ್ಪ ತಲೆದೂಗಿದ್ದು ಎಲ್ಲ ಒಂದು ಹುಳಕ್ಕೆ. ಕೀಳಹೋದಾಗ ಅದು ಉದುರುತ್ತಿರಲಿಲ್ಲ, ಜೀವ ಉಳಿಸಿಕೊಂಡು ಹಾರಿ ಹೋಗುತ್ತಿತ್ತು. ನಾಚಿಕೆಯಿಂದ ನೆಲ ನೋಡಬೇಕಾದ ಆ ಗಳಿಗೆಯಲ್ಲಿ ಅವಳ ಮೈಯೆಲ್ಲ ಜುಮ್ಮೆಂದಿತು. ಮೊಗ್ಗಿನ ವೇಷ ಹಾಕಿಕೊಂಡು, ಮೊಗ್ಗುಗಳ ನಡುವೆ ಕೂತು, ತನ್ನಂಥವಳನ್ನೂ ಮೂರು ವರ್ಷ ಆಟವಾಡಿಸಿದ ಒಂದು ಜೀವ ಆ ಗುಡ್ಡದಲ್ಲಿತ್ತು.

ಗಿಡದ ಪರೀಕ್ಷೆ ಬಿದ್ದಾಗಿತ್ತು. ಮರುಪರೀಕ್ಷೆಗೆ ಒಂದು ವರ್ಷ ಕಾಯಬೇಕು. ಆದರೆ ಹುಳ ಹೊಸದು, ಕಂಡವನು ವಿನ್ಸೆಂಟ್, ಅದನ್ನು ವರ್ಣಿಸುವ ಹಕ್ಕು ಅವನದು. ಅವನು ಬರೆಯಲು ಸಿದ್ಧನಿದ್ದ. ಓದಿ ಹುಡುಕುವವರು ಬೇಕಿತ್ತು. ಅನುಮತಿ ಪತ್ರ ಇರುವ ಬೇರೆ ಹುಡುಕುಗಾರರು ಹತ್ತಿರವೆಂದರೆ ಧಾರವಾಡದಲ್ಲಿ, ಹೊತ್ತು ಮುಳುಗುವುದರೊಳಗೆ ಬರಲಾರರು. ನದಾಫರು ನಿಧಾನವಾಗಿ ನೀಲಾಂಬಿಕೆಯ ಕಡೆ ತಿರುಗಿದರು. ಅವಳಿಗೂ ಹುಡುಕುಗಾರ್ತಿಯ ಅನುಮತಿ ಪತ್ರವಿತ್ತು.

ಆಗದು ಎಂದು ಅವಳೇ ಹೇಳಿದಳು. ಆ ಹುಳವನ್ನು ತಾನು ನೂರು ಸಲ ಕಂಡಿದ್ದೇನೆ, ಕಾಣದವಳೆಂದು ಪ್ರಮಾಣ ಮಾಡಿದರೆ ಸುಳ್ಳಾಗುತ್ತದೆ ಎಂದಳು.

ನದಾಫರು ಪುಸ್ತಕದ ಹಾಳೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಿಯಮದಾಗ 'ಜೀವಿಯೆಂದು ಗುರುತಿಸಿ ಕಂಡಿಲ್ಲ' ಅಂತ ಐತಿ ನೋಡವಾ. ನೀ ಕಂಡೀಯಿ ಖರೆ. ಏನಂತ ಕಂಡಿ? ಮೊಗ್ಗು ಅಂತ ಕಂಡಿ. ಅದನ್ನ ಬರದು, ಸಹಿ ಮಾಡಿ, ಕೆಳಗ ಗೆರಿ ಬ್ಯಾರೆ ಹೊಡದಿ. ನೀ ಅದನ್ನ ಗುರುತಿಸಿಲ್ಲ ಅನ್ನಾಕ ಇದಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರೂದು?"

ಯಾರೋ ನಕ್ಕರು. ನೀಲಾಂಬಿಕೆಗೂ ನಗು ತಡೆಯಲಾಗಲಿಲ್ಲ. ಅವಳನ್ನು ಕೊಠಡಿಯಿಂದ ಹೊರಗೆ ಕಳಿಸಿ, ವಿನ್ಸೆಂಟನಿಗೆ ಬರೆಯಲು ಹೇಳಿದರು.

ಅವನು ಒಂದು ತಾಸು ಹುಳದ ಹಿಂದೆಯೇ ಕೂತು ನೋಡಿ, ಆಮೇಲೆ ಬರೆಯುತ್ತೇನೆಂದ. ಮಧ್ಯಾಹ್ನ ಮೂರಕ್ಕೆ ಕಾಗದ ಸಿದ್ಧವಾಯಿತೆಂದು ಸುದ್ದಿ ಬಂತು. ನೀಲಾಂಬಿಕೆ ಹೊಸ ಪೆಟ್ಟಿಗೆ, ವೈರ್‌ಲೆಸ್ ಹಿಡಿದು ಜೀಪು ಹತ್ತಿದಳು. ಮನೆ ದಾರಿಯಲ್ಲೇ ಇತ್ತು. ಬೂಟಿಗಾಗಿ ಎರಡು ನಿಮಿಷ ನಿಲ್ಲಿಸಿದಳು. ಅಡಿವೆಯ್ಯನವರು ಮಜ್ಜಿಗೆಯ ಚೊಂಬು ಹಿಡಿದೇ ಬಾಗಿಲಿಗೆ ಬಂದರು. ಬೂಟಿನ ದಾರ ಕಟ್ಟುತ್ತ ಅವಳು ಎಲ್ಲ ಹೇಳಿದಳು. ನೀವು ಮೆಚ್ಚಿದ ಸಾಲೇ ಸುಳ್ಳಾಯಿತಪ್ಪಾ ಎಂದಳು.

ಅಪ್ಪ ಚೊಂಬನ್ನು ಅವಳ ಪಕ್ಕದಲ್ಲಿಟ್ಟರು. "ಕಂಡದ್ದು ಸುಳ್ಳಲ್ಲವ್ವ, ತಿಳಕೊಂಡದ್ದು ತಪ್ಪು. ಅದು ಬಿಡು. ಇಷ್ಟ ದಿನ ನೀ ಓದಾಕಿ ಆಗಿದ್ದಿ, ನಾ ಕೇಳತಿದ್ದೆ. ಇವತ್ತ ನೀ ಕೇಳಾಕಿ. ಕೇಳಾಕಿ ಪದ್ಯ ಮುಗಿಯೂದ್ರೊಳಗ ಅರ್ಥ ಹೇಳಾಕ ಹೋಗಬಾರದು."

ಅವಳು ಮಜ್ಜಿಗೆ ಗಟಗಟ ಕುಡಿದು ಓಡಿದಳು.

ಗುಡ್ಡದ ಬುಡದಲ್ಲಿ ವಿನ್ಸೆಂಟ್ ಮೊಹರು ಮಾಡಿದ ಲಕೋಟೆಯನ್ನು ದುರುಗವ್ವನ ಕೈಗೆ ಕೊಟ್ಟು ದೂರ ಹೋಗಿ ನಿಂತಿದ್ದ. ಅವನ ಮುಖ ಸುಟ್ಟ ಹಂಚಿನ ಬಣ್ಣಕ್ಕೆ ತಿರುಗಿತ್ತು. ಕೈಯಾಡಿಸಿದನೇ ಹೊರತು ಮಾತಾಡಲಿಲ್ಲ. ಹೊತ್ತು ಮುಳುಗುವುದು ಆರು ಇಪ್ಪತ್ತಕ್ಕೆ. ನೀಲಾಂಬಿಕೆ ಲಕೋಟೆ ಹರಿದಾಗ ನಾಲ್ಕು ಗಂಟೆ.

ಅವಳು ಮೊದಲ ಸಾಲನ್ನಷ್ಟೇ ಓದಿದಳು. ಕಲ್ಲುಬಾಸಿಂಗದ ಗಿಡವನ್ನೇ ಮನೆ ಮಾಡಿಕೊಂಡಿದೆ ಎಂದಿತ್ತು. ಕಾಗದ ಮಡಿಚಿ, ಪಡುವಣ ಮಗ್ಗುಲಿಗೆ ಏದುಸಿರು ಬಿಡುತ್ತ ಹತ್ತಿದಳು. ದುರುಗವ್ವ ಕೋಲೂರುತ್ತ ಹಿಂದೆ ಬಂದಳು. ಮೊದಲ ಗಿಡ. ನಾಲ್ಕು ಮೊಗ್ಗು. ಎರಡನೆಯ ಗಿಡ. ನಾಲ್ಕೇ. ಹತ್ತನೆಯದು, ಇಪ್ಪತ್ತನೆಯದು, ಎಲ್ಲದರಲ್ಲೂ ನಾಲ್ಕು ನಾಲ್ಕು. ಐದನೆಯದು ಎಲ್ಲಿಯೂ ಇಲ್ಲ. ನಲವತ್ತು ಗಿಡ ನೋಡಿದ್ದಾಯಿತು.

ಗುಡ್ಡದ ಬುಡದ ಊರಿಗೆ ಇದ್ದದ್ದು ಒಂದೇ ಬಸ್ಸು. ಮುಂಜಾನೆ ಎಂಟಕ್ಕೆ ಬಂದು ಮಧ್ಯಾಹ್ನ ಒಂದಕ್ಕೆ ತಿರುಗುತ್ತಿತ್ತು. ಮೂರು ವರ್ಷವೂ ಅವಳು ಅದರಲ್ಲೇ ಬಂದು ಅದರಲ್ಲೇ ಹೋದವಳು. ಸಂಜೆಯ ಗುಡ್ಡವನ್ನು ಅವಳು ಕಂಡೇ ಇರಲಿಲ್ಲ.

ಅವಳು ಬಂಡೆಯ ಮೇಲೆ ಕೂತಳು. ದುರುಗವ್ವ ಎದುರಿಗೆ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಬಾಯಿಯನ್ನೇ ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ಮಿಣುಕುತ್ತಿದ್ದವು. ನೀಲಾಂಬಿಕೆ ಕಾಗದ ಬಿಡಿಸಿ, ಈ ಸಲ ಜೋರಾಗಿ, ತನಗೆ ತಾನೇ ಕೇಳಿಸುವಂತೆ, ಮೊದಲಿನಿಂದ ಕೊನೆಯವರೆಗೆ ಓದಿದಳು.

ಬಿಸಿಲು ನೆತ್ತಿ ದಾಟಿದ ಮೇಲೆ ಗಿಡದ ಮೇಲೆ ಹುಡುಕಬೇಡಿ ಎಂದು ಬರೆದಿದ್ದ ವಿನ್ಸೆಂಟ್. ಆಗ ಅದು ಟೊಂಗೆ ಬಿಟ್ಟು ಇಳಿಯುತ್ತದೆ. ಬೇರಿನ ಬುಡದಲ್ಲಿ, ಬಡಗಣ ಕಡೆಗೆ ಮುಖ ಮಾಡಿದ ಕಲ್ಲಿನ ನೆರಳಿನಲ್ಲಿ, ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳ ಹಾಗೆ ಸಾಲಾಗಿ ಕೂಡುತ್ತವೆ. ಅಲ್ಲಿಯೇ ಗಿಡದ ಬೀಜಗಳೂ ಬಿದ್ದಿರುತ್ತವೆ. ಬಣ್ಣ ಒಂದೇ, ಗಾತ್ರ ಒಂದೇ. ಮೋಸ ಹೋಗಬೇಡಿ. ಬೀಜದ ಬೆನ್ನು ನುಣುಪು. ಇದರ ಬೆನ್ನು ಒಣಗಿಸಿದ ಸೀಗಡಿಯ ಬೆನ್ನಿನಂತೆ.

ಐದು ಗಂಟೆಗೆ ಅವಳಿಗೆ ಅಂಥ ಕಲ್ಲು ಸಿಕ್ಕಿತು. ಮಂಡಿಯೂರಿ, ಗಲ್ಲವನ್ನು ನೆಲಕ್ಕೆ ತಾಗಿಸಿ ನೋಡಿದಳು. ನೆರಳಿನಲ್ಲಿ ಕಂದು ಗೆರೆಯ ಕಾಳುಗಳು ನೂರಾರು ಹರಡಿದ್ದವು, ಕೆಲವು ಸಾಲಾಗಿ, ಕೆಲವು ಗುಂಪಾಗಿ. ಮಳೆನೀರು ಹರಿದ ಕಡೆ ಬೀಜಗಳೂ ಸಾಲುಗಟ್ಟಿದ್ದವು. ಯಾವುದೂ ಅಲುಗಲಿಲ್ಲ. ಪೆಟ್ಟಿಗೆಗೆ ಒಂದೇ ಅವಕಾಶ. ಬೀಜವನ್ನು ಒರೆಸಿದರೆ ಮುಗಿಯಿತು.

ಸೀಗಡಿಯ ಬೆನ್ನು. ಮೀನಿನ ಪೇಟೆಯ ಓಣಿಯನ್ನೂ ಹಾಯದ ಮನೆತನದಲ್ಲಿ ಹುಟ್ಟಿದ ನೀಲಾಂಬಿಕೆ, ಒಣಗಿದ್ದಿರಲಿ ಹಸಿಯದ್ದಿರಲಿ, ಸೀಗಡಿಯೆಂಬುದನ್ನು ಕಂಡವಳಲ್ಲ. ದಕ್ಕೆಯ ಮನುಷ್ಯ ಜಗತ್ತಿನಲ್ಲಿ ಎಲ್ಲರೂ ಬಲ್ಲ ವಸ್ತು ಅದೇ ಎಂದುಕೊಂಡು ನಿಶ್ಚಿಂತೆಯಿಂದ ಬರೆದುಬಿಟ್ಟಿದ್ದ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಜೀವಿಯ ಬಗ್ಗೆ ಕೇಳುವಂತಿಲ್ಲ, ಆದರೆ ಮಾತಿನ ಅರ್ಥ ಕೇಳಬಹುದು. ಅದು ನಿಯಮದಲ್ಲೇ ಇತ್ತು. ನೀಲಾಂಬಿಕೆ ಎದ್ದು ಕೂತು ವೈರ್‌ಲೆಸ್ಸಿನಲ್ಲಿ ನದಾಫರಿಗೆ ವಿಷಯ ತಿಳಿಸಿ, ಸಾಕ್ಷಿಯನ್ನು ಒಂದು ಶಬ್ದ ಕೇಳಲೇ ಎಂದಳು. ಅವರು ಪುಸ್ತಕ ತಿರುವಿ ಹೂಂ ಎಂದರು.

"ದುರುಗವ್ವಾ, ಸೀಗಡಿ ಅಂದ್ರ ಹೆಂಗಿರತೈತಿ?"

ದುರುಗವ್ವ ಸೆರಗು ತೆಗೆದಳು. ಬೆಳಗಿನಿಂದ ಕಟ್ಟಿಟ್ಟಿದ್ದ ಬಾಯಿಗೆ ಸಿಕ್ಕ ಅಷ್ಟೇ ಅಷ್ಟು ಅವಕಾಶವನ್ನು ಅವಳು ಮೆಲ್ಲಗೆ ಬಳಸಿಕೊಂಡಳು. "ಹೊಳ್ಯಾಗ ಸಿಗತಾವಲ್ರಿ ಅಕ್ಕಾರ. ನಮ್ಮವ್ವ ಒಣಗಿಸಿ ಚಟ್ನಿ ಕುಟ್ಟತಿದ್ಲು. ಹಿಂಗ." ಅವಳು ತೋರುಬೆರಳನ್ನು ಮಡಿಚಿ ಮುಂದೆ ಹಿಡಿದಳು. ಆಡು ಕಾಯ್ದು ಒರಟಾದ, ಗೆಣ್ಣುಗೆಣ್ಣಿಗೂ ಉಬ್ಬಿ ನಿಂತ ಬೆರಳು. "ಗೆಣ್ಣ ಗೆಣ್ಣ ಕಾಣಬೇಕು. ಒಂದರ ಮ್ಯಾಲ ಒಂದು ಹಂಚು ಹೊದಿಸಿದಂಗ. ಅಷ್ಟ." ಮತ್ತೆ ಸೆರಗು ಮುಚ್ಚಿದಳು.

ನೀಲಾಂಬಿಕೆ ಆ ಬೆರಳನ್ನು ಕಣ್ಣಲ್ಲಿ ತುಂಬಿಕೊಂಡು ಕಲ್ಲಿನ ಬುಡಕ್ಕೆ ಬಾಗಿದಳು. ನುಣುಪು, ನುಣುಪು, ನುಣುಪು. ಕಾಳಿನಿಂದ ಕಾಳಿಗೆ ಕಣ್ಣು ಹರಿಯಿತು. ಬಿಸಿಲು ಕೆಂಪಾಗಿ, ಅಡ್ಡಡ್ಡವಾಗಿ ಬಂದು ಕಲ್ಲಿನ ಅಂಚಿಗೆ ತಗುಲಿತು. ಆ ಓರೆ ಬೆಳಕಿನಲ್ಲಿ, ಒಂದು ಸಾಲಿನ ನಡುವೆ, ಒಂದು ಕಾಳಿನ ಬೆನ್ನಿನ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದು ನಿಂತವು. ಹಂಚಿನ ಮೇಲೆ ಹಂಚು. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ.

ಅವಳು ಹತ್ತಿಯ ಕಡ್ಡಿಯನ್ನು ತೆಗೆದಳು. ನಡುವಿನದನ್ನು ಮೆಲ್ಲನೆ ಸವರಿದಳು. ಆ ಒಂದನ್ನು ಮುಟ್ಟಿದ್ದೇ ತಡ, ಇಡೀ ಸಾಲು ಒಮ್ಮೆಲೆ ಮಿಡಿಯಿತು, ವೀಣೆಯ ತಂತಿಯ ಹಾಗೆ. ಅವಳ ಬಾಯಿಂದ ತನಗೇ ತಿಳಿಯದೆ ಶಿವಶಿವಾ ಎಂದು ಹೊರಟಿತು.

ಐದು ಐವತ್ತೆರಡು. ಪೆಟ್ಟಿಗೆ ಮುಚ್ಚಿತು. ಆ ಎಂಟು ನಿಮಿಷ ಅವಳು ಪೆಟ್ಟಿಗೆಯ ಕಡೆ ನೋಡಲಿಲ್ಲ, ಸಾಲನ್ನೇ ನೋಡುತ್ತಿದ್ದಳು. ಆರಕ್ಕೆ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಹೊಂದಿಕೆಯಾಗಿದೆ. ನೋಂದಣಿಯಾಗಿದೆ. ವೈರ್‌ಲೆಸ್ಸಿನಲ್ಲಿ ನದಾಫರ ದನಿ ಬಂತು. ಕ್ವಾರಿಯವರಿಗೆ ತಡೆಯ ಆದೇಶ ಹೋಯಿತೆಂದು ಹೇಳಿದರು.

ಕೆಳಗಿನಿಂದ ವಿನ್ಸೆಂಟ್ ಏದುಸಿರು ಬಿಡುತ್ತ ಓಡಿ ಬಂದ. ಸೀಗಡಿಯ ಕಥೆ ಕೇಳಿ ತಲೆಗೆ ಕೈಯಿಟ್ಟುಕೊಂಡ. ಸೀಗಡಿ ಕಾಣದವರೂ ಈ ನಾಡಿನಲ್ಲಿ ಇದ್ದಾರೆಂದು ತನಗೆ ಹೊಳೆಯಲೇ ಇಲ್ಲವೆಂದು ಮತ್ತೆ ಮತ್ತೆ ಕ್ಷಮೆ ಕೇಳಿದ. ಹೆಸರಿಡುವ ಹಕ್ಕು ಅವನದು; ನೋಂದಣಿಯಾಗಿದ್ದರಿಂದ ಹೆಸರಿಗೆ ಅವಸರವಿರಲಿಲ್ಲ. ಗಿಡಕ್ಕೆ ಮುಂದಿನ ವರ್ಷ ಹೆಸರು ಸಿಗುವವರೆಗೂ ಹುಳಕ್ಕೂ ಇಡುವುದಿಲ್ಲ, ಒಂದೇ ಮನೆಯವಕ್ಕೆ ಒಟ್ಟಿಗೇ ಇಡೋಣ ಎಂದ.

ಈಗ ಸಾಕ್ಷಿ ಬಾಯಿ ಬಿಚ್ಚಬಹುದಿತ್ತು. ಇದು ಹುಳವೆಂದು ನಿನಗೆ ಮೊದಲೇ ಗೊತ್ತಿತ್ತೇನು ಎಂದು ನೀಲಾಂಬಿಕೆ ಕೇಳಿದಳು.

"ಗೊತ್ತಿರದ ಏನ್ರಿ, ಹುಟ್ಟಿದಾಗಿಂದ ನೋಡೀನಿ," ಎಂದಳು ದುರುಗವ್ವ. "ನೀವು ದಿನಾ ಮೊಗ್ಗು ಮೊಗ್ಗು ಅಂತ ಎಣಸತಿದ್ರಿ. ಕಲತೋರು ಹುಳಕ್ಕ ಮೊಗ್ಗು ಅಂತಾರ ಅಂದ್ಕೊಂಡೆ."

ನೀಲಾಂಬಿಕೆ ಬಂಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊತ್ತು ಮುಳುಗಿತು. ಕಲ್ಲು ತಣ್ಣಗಾಗತೊಡಗಿತು. ಜೀಪಿನವನು ಕೆಳಗಿನಿಂದ ಹಾರ್ನ್ ಮಾಡಿದ. ಹೊರಡಲು ಎದ್ದ ವಿನ್ಸೆಂಟನ ತೋಳನ್ನು ದುರುಗವ್ವ ಹಿಡಿದು ಕೂರಿಸಿದಳು, ಈಗ ನೋಡಿರಿ ಎನ್ನುವಂತೆ ಗದ್ದ ಎತ್ತಿ ತೋರಿಸಿದಳು.

ಕಲ್ಲಿನ ಬುಡದ ಸಾಲು ಬಿಚ್ಚಿಕೊಂಡಿತು. ಮೊದಲಿನದು ಕಾಂಡ ಹತ್ತಿತು, ಅದರ ಹಿಂದೆ ಇನ್ನೊಂದು. ಪಕ್ಕದ ಗಿಡದಲ್ಲೂ ಹಾಗೆಯೇ, ಅದರಾಚೆಯದರಲ್ಲೂ. ಕಣ್ಣು ಹಾಯುವವರೆಗೆ ಇಳಿಜಾರಿನ ಒಂದೊಂದು ಬಿರುಕಿನಿಂದಲೂ ಅವು ಎದ್ದು ಬರುತ್ತಿದ್ದವು. ಟೊಂಗೆಯ ತುದಿಗೆ ಹೋಗಿ, ಮೊಗ್ಗುಗಳ ನಡುವೆ ಜಾಗ ಮಾಡಿಕೊಂಡು, ಬೆನ್ನು ಬಾಗಿಸಿ, ಒಂದೊಂದಾಗಿ ಸ್ತಬ್ಧವಾಗುತ್ತಿದ್ದವು. ಬರಿಯ ಕಲ್ಲುಗುಡ್ಡ ಅವರ ಕಣ್ಣೆದುರೇ ಮೊಗ್ಗಾಗುತ್ತಿತ್ತು. ಕೆಳಗೆ ಹಾರ್ನ್ ಮತ್ತೆ ಕೂಗಿತು. ಯಾರೂ ಏಳಲಿಲ್ಲ. ನೀಲಾಂಬಿಕೆ ಒಂದು, ಎರಡು, ಮೂರು ಎಂದು ಶುರು ಮಾಡಿದವಳು, ಎಣಿಸುವುದನ್ನು ಬಿಟ್ಟು, ನೆಲಕ್ಕೆ ಗಲ್ಲ ಊರಿ ನೋಡತೊಡಗಿದಳು.